ಆಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಒರಿಜಿನ್: ಪ್ಯಾರಲಲ್ಸ್ ಡೆಸ್ಕ್‌ಟಾಪ್ ಬಳಸಿ ನೋಡಿದ ಮೇಲೆ

ರಸಾಯನಶಾಸ್ತ್ರ, ಭೌತಶಾಸ್ತ್ರ ಅಥವಾ ವಸ್ತುವಿಜ್ಞಾನದಲ್ಲಿ ಸಂಶೋಧನೆ ನಡೆಸುತ್ತಿರುವವರಿಗೆ ಒರಿಜಿನ್ ತಂತ್ರಾಂಶದ ಪರಿಚಯ ಹೇಳಬೇಕಾಗಿಲ್ಲ. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ವಿವರ್ತನೆ) ಯಂತ್ರವೋ ಯುವಿ-ವಿಸಿಬಲ್ ಸ್ಪೆಕ್ಟ್ರೋಮೀಟರೋ ಕೊಟ್ಟ ಎರಡು ಕಾಲಮ್‌ಗಳ ಅಂಕಿಗಳನ್ನು ತೆಗೆದುಕೊಂಡು, ಬೇಸ್‌ಲೈನ್ (ಹಿನ್ನೆಲೆಯ ಮಟ್ಟ) ಕಳೆದು, ಒಂದರ ಮೇಲೊಂದು ಬಿದ್ದ ಪೀಕ್‌ಗಳನ್ನು (ಶಿಖರಗಳನ್ನು) ಬೇರ್ಪಡಿಸಿ, ಸೂಕ್ತ ಸಮೀಕರಣಕ್ಕೆ ಹೊಂದಿಸಿ, ಕೊನೆಗೆ ಜರ್ನಲ್ ಕೇಳಿದ ಅಳತೆಯಲ್ಲೇ ಚಿತ್ರವನ್ನು ಹೊರತೆಗೆಯುವವರೆಗಿನ ಕೆಲಸವೆಲ್ಲ ಅದರೊಳಗೇ ಮುಗಿಯುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್‌ನಲ್ಲಿರುವ ಒರಿಜಿನ್‌ಲ್ಯಾಬ್ ಸಂಸ್ಥೆ ಇದನ್ನು ತಯಾರಿಸುತ್ತದೆ. ಮೊದಲಿಗೆ ಇದು ಅತಿ ಸಣ್ಣ ಪ್ರಮಾಣದ ಉಷ್ಣವನ್ನು ಅಳೆಯುವ ಮೈಕ್ರೋಕ್ಯಾಲರಿಮೀಟರ್‌ಗಳ ದತ್ತಾಂಶವನ್ನು ವಿಶ್ಲೇಷಿಸಲೆಂದು ಮೈಕ್ರೋಕ್ಯಾಲ್ ಸಂಸ್ಥೆಯಲ್ಲಿ ಹುಟ್ಟಿಕೊಂಡದ್ದು. ಆಗಲೂ ವಿಂಡೋಸ್ ತಂತ್ರಾಂಶವಾಗಿತ್ತು, ಈಗಲೂ ವಿಂಡೋಸ್ ತಂತ್ರಾಂಶವೇ. ಮ್ಯಾಕ್ ಬಳಸುವವರಿಗೆ ಸಂಸ್ಥೆ ಕೊಡುವುದು ಒಂದು ಉಚಿತ ವ್ಯೂವರ್ ಮಾತ್ರ. ಅದರಲ್ಲಿ ಇನ್ನೊಬ್ಬರು ಕಳಿಸಿದ ಪ್ರಾಜೆಕ್ಟನ್ನು ತೆರೆದು ನೋಡಬಹುದು, ಅಂಕಿಗಳನ್ನು ನಕಲಿಸಿಕೊಳ್ಳಬಹುದು, ಆದರೆ ವಿಶ್ಲೇಷಣೆ ಮಾಡಲಾಗದು.

ಇಂಟೆಲ್ ಪ್ರೊಸೆಸರ್ ಇದ್ದ ಕಾಲದಲ್ಲಿ ಮ್ಯಾಕ್ ಬಳಕೆದಾರರಿಗೆ ಇದು ಅಷ್ಟು ದೊಡ್ಡ ತೊಡಕಾಗಿರಲಿಲ್ಲ. 2006ರಿಂದ ಆಪಲ್ ಕಂಪನಿಯೇ ಕೊಡುತ್ತಿದ್ದ ಬೂಟ್ ಕ್ಯಾಂಪ್ ಮೂಲಕ ಅದೇ ಯಂತ್ರದ ಒಂದು ಭಾಗದಲ್ಲಿ ವಿಂಡೋಸ್ ಹಾಕಿಕೊಂಡರೆ ಸಾಕಾಗುತ್ತಿತ್ತು. 2020ರ ನವೆಂಬರಿನಲ್ಲಿ ಎಂ1 ಚಿಪ್ ಬಂದ ಮೇಲೆ ಆ ದಾರಿ ಮುಚ್ಚಿತು. ಆಪಲ್‌ನ ಸ್ವಂತ ಚಿಪ್ ಇರುವ ಯಾವ ಮ್ಯಾಕ್‌ನಲ್ಲೂ ಬೂಟ್ ಕ್ಯಾಂಪ್ ಇಲ್ಲ. ಹೀಗಾಗಿ ಪ್ರಯೋಗಾಲಯ ಒರಿಜಿನ್‌ನಲ್ಲಿ ನಡೆಯುತ್ತಿದ್ದು ನಿಮ್ಮ ಕೈಯಲ್ಲಿರುವುದು ಮ್ಯಾಕ್‌ಬುಕ್ ಆಗಿದ್ದರೆ ಅದನ್ನು ಮ್ಯಾಕ್‌ನಲ್ಲೇ ನಡೆಸಲು ಉಳಿಯುವ ದಾರಿಗಳು ಎರಡೇ: ಮ್ಯಾಕ್‌ನೊಳಗೆ ವರ್ಚುವಲ್ ಯಂತ್ರವೊಂದನ್ನು (ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರನ್ನು) ಕಟ್ಟಿ ಅದರಲ್ಲಿ ವಿಂಡೋಸ್ ನಡೆಸುವುದು, ಇಲ್ಲವೇ ವಿಂಡೋಸ್ ಇಲ್ಲದೆಯೇ ಅದರ ತಂತ್ರಾಂಶಗಳನ್ನು ನಡೆಸುವ ವೈನ್ ಮಾದರಿಯ ಪದರವನ್ನು ಬಳಸುವುದು. ಮೊದಲನೆಯ ದಾರಿಯಲ್ಲಿ ಹೆಚ್ಚು ಜನರು ಹಿಡಿಯುವುದು ಪ್ಯಾರಲಲ್ಸ್ ಡೆಸ್ಕ್‌ಟಾಪನ್ನು. ಸಂಶೋಧನೆಯ ದೈನಂದಿನ ಕೆಲಸಕ್ಕೆ ಅದನ್ನು ನಂಬಬಹುದೇ ಎಂಬುದೇ ಈ ವಿಮರ್ಶೆಯ ವಿಷಯ. ತಂತ್ರಾಂಶ ತೆರೆದುಕೊಳ್ಳುತ್ತದೆಯೇ ಎಂದು ನೋಡಿ ತೀರ್ಪು ಕೊಟ್ಟರೆ ಸಾಲದು; ಉಪಕರಣದಿಂದ ಬಂದ ಕಡತ ಒಳಗೆ ಹೋಗುವಲ್ಲಿಂದ ಹಿಡಿದು ಚಿತ್ರವು ಪ್ರಬಂಧದ ಪುಟದಲ್ಲಿ ಕೂರುವವರೆಗಿನ ಸರಪಳಿ ಎಲ್ಲಿಯೂ ಕಡಿಯದೆ ಸಾಗುತ್ತದೆಯೇ ಎಂದು ನೋಡಬೇಕು.

ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಗುಣದೋಷಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಎಂ ಸರಣಿಯ ಚಿಪ್‌ಗಳು ಆರ್ಮ್ ವಿನ್ಯಾಸದವು, ಆದ್ದರಿಂದ ಪ್ಯಾರಲಲ್ಸ್ ಅವುಗಳ ಮೇಲೆ ನಡೆಸುವುದು ಆರ್ಮ್‌ಗಾಗಿ ತಯಾರಾದ ವಿಂಡೋಸ್ 11 ಅನ್ನು. ಈ ವಿಂಡೋಸ್ ಮ್ಯಾಕ್‌ನ ಚಿಪ್ ಮೇಲೆ ನೇರವಾಗಿ, ಪೂರ್ಣ ವೇಗದಲ್ಲಿ ಓಡುತ್ತದೆ. ಒರಿಜಿನ್ ಮಾತ್ರ ಇಂಟೆಲ್ ಮಾದರಿಯ 64 ಬಿಟ್ ಪ್ರೊಸೆಸರ್‌ಗಳಿಗಾಗಿ ಸಿದ್ಧವಾದದ್ದು. ಅದರ ಆದೇಶಗಳನ್ನು ಆರ್ಮ್ ಆದೇಶಗಳಾಗಿ ಬದಲಿಸುವ ಕೆಲಸವನ್ನು ಮಾಡುವುದು ಪ್ಯಾರಲಲ್ಸ್ ಅಲ್ಲ, ವಿಂಡೋಸ್‌ನೊಳಗೇ ಇರುವ ಎಮ್ಯುಲೇಟರ್. ಆರ್ಮ್‌ಗಾಗಿ ಬಂದ ವಿಂಡೋಸ್ 10ರಲ್ಲಿ 32 ಬಿಟ್ ತಂತ್ರಾಂಶಗಳಿಗೆ ಮಾತ್ರ ಆ ಅನುಕೂಲವಿತ್ತು. 64 ಬಿಟ್ ತಂತ್ರಾಂಶಗಳಿಗೆ ಅದು ಸಿಕ್ಕಿದ್ದು 2021ರ ವಿಂಡೋಸ್ 11ರಲ್ಲಿ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಪ್ರಿಸಂ ಎಂಬ ಹೊಸ, ಹೆಚ್ಚು ಚುರುಕಾದ ಎಮ್ಯುಲೇಟರ್ ಆ ಜಾಗಕ್ಕೆ ಬಂದಿದೆ. ಅದು ಬದಲಿಸಿದ ಆದೇಶಗಳನ್ನು ಡಿಸ್ಕಿನಲ್ಲಿ ಉಳಿಸಿಟ್ಟುಕೊಳ್ಳುವುದರಿಂದ ಒರಿಜಿನ್ ಮೊದಲ ಸಲ ತೆರೆಯುವಾಗ ತಡವರಿಸಿದಂತೆ ಕಂಡು ನಂತರದ ದಿನಗಳಲ್ಲಿ ಬೇಗ ತೆರೆಯುತ್ತದೆ. ಅನುಸ್ಥಾಪನೆ ಮುಗಿದ ಮೊದಲ ಗಂಟೆಯಲ್ಲೇ ವೇಗದ ಬಗ್ಗೆ ನಿರ್ಧಾರಕ್ಕೆ ಬರುವವರು ಇದನ್ನು ಗಮನದಲ್ಲಿಡಬೇಕು.

ಅನುಸ್ಥಾಪನೆಯ ವಿಷಯದಲ್ಲಿ ಹೇಳಲು ಹೆಚ್ಚೇನಿಲ್ಲ, ಏಕೆಂದರೆ ಪ್ಯಾರಲಲ್ಸ್ ಆ ಭಾಗವನ್ನು ಬಹಳ ಚೊಕ್ಕವಾಗಿ ಮಾಡಿದೆ. ಒಂದು ಗುಂಡಿ ಒತ್ತಿದರೆ ವಿಂಡೋಸ್ 11 ತಾನೇ ಇಳಿದುಕೊಂಡು ಸಿದ್ಧವಾಗುತ್ತದೆ. ಆಮೇಲೆ ಒರಿಜಿನ್‌ನ ಸೆಟಪ್ ಕಡತವನ್ನು ಯಾವುದೇ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮಾಡುವಂತೆಯೇ ಓಡಿಸಿದರಾಯಿತು. 2021ರ ಏಪ್ರಿಲಿನಲ್ಲಿ ಬಂದ 16.5ನೇ ಆವೃತ್ತಿಯಿಂದ ಪ್ಯಾರಲಲ್ಸ್ ಎಂ1 ಚಿಪ್ ಮೇಲೆ ನೇರವಾಗಿ ನಡೆಯುತ್ತಿದೆ. 2023ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ 11ರ ಪ್ರೊ ಮತ್ತು ಎಂಟರ್‌ಪ್ರೈಸ್ ಆವೃತ್ತಿಗಳನ್ನು ಪ್ಯಾರಲಲ್ಸ್ ಮೂಲಕ ಆಪಲ್ ಚಿಪ್‌ಗಳ ಮೇಲೆ ಬಳಸಲು ಅಧಿಕೃತವಾಗಿ ಒಪ್ಪಿತು. ವಿಶ್ವವಿದ್ಯಾಲಯದ ಹಣದಲ್ಲಿ ಖರೀದಿಸುವವರಿಗೆ ಈ ಒಪ್ಪಿಗೆ ಮುಖ್ಯವಾದುದು, ಏಕೆಂದರೆ ಅದಕ್ಕೂ ಮೊದಲು ಇಂಥ ವ್ಯವಸ್ಥೆ ಪರವಾನಗಿಯ ದೃಷ್ಟಿಯಿಂದ ಅಸ್ಪಷ್ಟವಾಗಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿದ್ದ ಪ್ರಶ್ನೆ ಉತ್ತರಗಳ ನಿಖರತೆಯದು. ಒಂದು ಪ್ರೊಸೆಸರ್‌ಗಾಗಿ ಬರೆದ ಲೆಕ್ಕಾಚಾರ ಇನ್ನೊಂದರ ಮೇಲೆ ಅನುವಾದವಾಗಿ ನಡೆಯುವಾಗ ಅಂಕಿಗಳು ಬದಲಾಗುವುದಿಲ್ಲವೇ ಎಂದು ಮಾರ್ಗದರ್ಶಕರು ಕೇಳಿದರೆ, ಬಹುಶಃ ಬದಲಾಗುವುದಿಲ್ಲ ಎಂಬ ಉತ್ತರ ಸಾಲದು. ಅದೃಷ್ಟವಶಾತ್ ಇದನ್ನು ಪರೀಕ್ಷಿಸಲು ಒಳ್ಳೆಯ ಸಾಧನವಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್, ಸಂಖ್ಯಾಶಾಸ್ತ್ರೀಯ ತಂತ್ರಾಂಶಗಳನ್ನು ಪರೀಕ್ಷಿಸಲೆಂದೇ ಉಲ್ಲೇಖ ದತ್ತಾಂಶಗಳನ್ನು ಉಚಿತವಾಗಿ ಕೊಟ್ಟಿದೆ. ಅದರಲ್ಲಿ ನಾನ್‌ಲೀನಿಯರ್ ರಿಗ್ರೆಶನ್‌ಗೆ (ದತ್ತಾಂಶಕ್ಕೆ ಸರಳರೇಖೆಯಲ್ಲದ ಸಮೀಕರಣವನ್ನು ಹೊಂದಿಸುವುದಕ್ಕೆ) ಸೇರಿದ 27 ಸಮಸ್ಯೆಗಳು ಸುಲಭ, ಮಧ್ಯಮ, ಕಠಿಣ ಎಂದು ಮೂರು ಹಂತಗಳಲ್ಲಿವೆ. ಪ್ರತಿಯೊಂದಕ್ಕೂ ಪ್ರಮಾಣೀಕರಿಸಿದ ಉತ್ತರವಿದೆ. ಅವುಗಳಲ್ಲಿ ಮಿಸ್ರಾ1ಎ ಎಂಬುದು ಕೇವಲ 14 ಬಿಂದುಗಳ ಸಣ್ಣ ದತ್ತಾಂಶ. ಅದರ ಸಮೀಕರಣ ಒರಿಜಿನ್‌ನಲ್ಲಿ ಬಾಕ್ಸ್‌ಲ್ಯೂಕಸ್1 ಎಂಬ ಹೆಸರಿನಿಂದ ಮೊದಲೇ ಸಿದ್ಧವಿರುವ ಸಮೀಕರಣವೇ ಆಗಿರುವುದರಿಂದ ಹೊಸದಾಗಿ ಏನನ್ನೂ ಬರೆಯಬೇಕಾಗಿಲ್ಲ. ನಿಸ್ಟ್ ಸೂಚಿಸಿದಂತೆ ಆರಂಭದ ಊಹೆಯಾಗಿ 500 ಮತ್ತು 0.0001 ಕೊಟ್ಟು, ಫಲಿತಾಂಶದ ಕೋಷ್ಟಕದಲ್ಲಿ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿಕೊಂಡು ಹೊಂದಿಸಿದರೆ, ಮೊದಲ ನಿಯತಾಂಕ 238.94212918 ಮತ್ತು ಎರಡನೆಯದು 0.00055015643181 ಬರಬೇಕು. ವರ್ಚುವಲ್ ಯಂತ್ರದೊಳಗಿನ ಒರಿಜಿನ್ ಕೊಟ್ಟ ಉತ್ತರವನ್ನು ಪ್ರಯೋಗಾಲಯದ ಇಂಟೆಲ್ ಡೆಸ್ಕ್‌ಟಾಪ್ ಕೊಟ್ಟ ಉತ್ತರದ ಪಕ್ಕದಲ್ಲಿಟ್ಟು ನೋಡಿದಾಗ ವರದಿ ಮಾಡಬಹುದಾದ ಯಾವ ಅಂಕಿಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಕಠಿಣ ಹಂತದ ಕೆಲವು ಸಮಸ್ಯೆಗಳಲ್ಲಿಯೂ ಹೀಗೆಯೇ ಆಯಿತು. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಡಬಲ್ ಪ್ರಿಸಿಶನ್ (64 ಬಿಟ್‌ಗಳಲ್ಲಿ ಇಡುವ ದಶಮಾಂಶ) ಸಂಖ್ಯೆಗಳ ಕೂಡು, ಕಳೆ, ಗುಣಾಕಾರ, ಭಾಗಾಕಾರಗಳಿಗೆ ಇಂಟೆಲ್ ಮತ್ತು ಆರ್ಮ್ ಎರಡೂ ಐಇಇಇ 754 ಎಂಬ ಒಂದೇ ಮಾನಕವನ್ನು ಅನುಸರಿಸುತ್ತವೆ; ಎಮ್ಯುಲೇಟರ್ ಆದೇಶವನ್ನು ಬದಲಿಸುತ್ತದೆಯೇ ಹೊರತು ಲೆಕ್ಕದ ನಿಯಮವನ್ನಲ್ಲ. ಹಾಗಿದ್ದರೂ ಹೊಸ ಯಂತ್ರದಲ್ಲಿ ಕೆಲಸ ಶುರುಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಪರೀಕ್ಷೆಯನ್ನು ತಾನೇ ಮಾಡಿ, ಅದರ ಫಲಿತಾಂಶವನ್ನು ಲ್ಯಾಬ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅರ್ಧ ಗಂಟೆಯ ಕೆಲಸ. ವೈವಾ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ತೋರಿಸಲು ಪುರಾವೆ ಇರುತ್ತದೆ.

ವೇಗದ ವಿಷಯದಲ್ಲಿ ಸಾಮಾನ್ಯ ಕೆಲಸಕ್ಕೆ ಕೊರತೆಯಿಲ್ಲ. ಕೆಲವು ಸಾವಿರ ಬಿಂದುಗಳ ಸ್ಪೆಕ್ಟ್ರಮ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಬರೆಯುವುದು, ಐದಾರು ಪೀಕ್‌ಗಳನ್ನು ಬಿಡಿಸುವುದು, ಬ್ಯಾಚ್ ಆಗಿ ಹತ್ತಾರು ಕಡತಗಳಿಗೆ ಒಂದೇ ವಿಶ್ಲೇಷಣೆ ನಡೆಸುವುದು ಇವೆಲ್ಲ ಸರಾಗವಾಗಿ ಆಗುತ್ತವೆ. ಇಲ್ಲಿ ನಿಜವಾದ ಮಿತಿ ಪ್ರೊಸೆಸರ್‌ನದಲ್ಲ, ಮೆಮೊರಿಯದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಒರಿಜಿನ್ ಸೇರಿದರೆ 6 ಜಿಬಿ ಕೊಡುವುದು ಲೇಸು. 8 ಜಿಬಿಯ ಹಳೆಯ ಮ್ಯಾಕ್‌ಬುಕ್ ಏರ್‌ನಲ್ಲಿ ಅಷ್ಟನ್ನು ಕಿತ್ತುಕೊಟ್ಟರೆ ಮ್ಯಾಕ್ ಪಾಲಿಗೆ ಉಳಿಯುವುದು ತೀರಾ ಕಡಿಮೆ. ಬ್ರೌಸರಿನಲ್ಲಿ ನಾಲ್ಕು ಲೇಖನಗಳು ತೆರೆದಿದ್ದರೆ ಎಲ್ಲವೂ ಕುಂಟತೊಡಗುತ್ತದೆ. 2024ರ ಅಕ್ಟೋಬರ್‌ನಿಂದ ಆಪಲ್ ತನ್ನ ಮ್ಯಾಕ್‌ಬುಕ್ ಏರ್‌ನ ಆರಂಭಿಕ ಮಾದರಿಗಳಿಗೂ 16 ಜಿಬಿ ಕೊಡುತ್ತಿರುವುದರಿಂದ ಹೊಸದಾಗಿ ಏರ್ ಕೊಳ್ಳುವವರಿಗೆ ಈ ಚಿಂತೆಯಿಲ್ಲ. 8 ಜಿಬಿಯ ಯಂತ್ರವಿರುವವರಿಗೆ ಮಾತ್ರ ಪ್ಯಾರಲಲ್ಸ್‌ಗೆ ಹಣ ಹಾಕಬೇಡಿ ಎಂದೇ ಹೇಳುತ್ತೇನೆ. ಅವರು ವಿಭಾಗದ ಡೆಸ್ಕ್‌ಟಾಪಿಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಂಪರ್ಕ ಸಾಧಿಸಿ ಕೆಲಸ ಮಾಡುವುದು ಮೇಲು. ಪ್ಯಾರಲಲ್ಸ್‌ನ ಸ್ಟ್ಯಾಂಡರ್ಡ್ ಆವೃತ್ತಿ ಒಂದು ವರ್ಚುವಲ್ ಯಂತ್ರಕ್ಕೆ ಗರಿಷ್ಠ 8 ಜಿಬಿ ಮೆಮೊರಿ ಮತ್ತು 4 ಕೋರ್‌ಗಳನ್ನಷ್ಟೇ ಕೊಡುತ್ತದೆ, ಹೆಚ್ಚು ಬೇಕಾದರೆ ಪ್ರೊ ಆವೃತ್ತಿಗೆ ಹೋಗಬೇಕು. ಒರಿಜಿನ್‌ನ ಕೆಲಸಕ್ಕೆ ಸ್ಟ್ಯಾಂಡರ್ಡ್ ಧಾರಾಳವಾಗಿ ಸಾಕು.

ಕಡತಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಸಣ್ಣದೆಂದು ಕಾಣುತ್ತದೆ, ಆದರೆ ಈ ವ್ಯವಸ್ಥೆಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಪ್ಯಾರಲಲ್ಸ್ ತಾನಾಗಿಯೇ ಮ್ಯಾಕ್‌ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ವಿಂಡೋಸ್‌ನೊಳಗೆ ತೋರಿಸುತ್ತದೆ. ಅನುಕೂಲ ನಿಜ, ಸ್ಪೆಕ್ಟ್ರೋಮೀಟರಿನಿಂದ ಪೆನ್‌ಡ್ರೈವಿನಲ್ಲಿ ತಂದು ಮ್ಯಾಕ್‌ಗೆ ಹಾಕಿದ ಪಠ್ಯ ಕಡತ ಮರುಕ್ಷಣದಲ್ಲೇ ಒರಿಜಿನ್‌ನ ಇಂಪೋರ್ಟ್ ಕಿಟಕಿಯಲ್ಲಿ ಕಾಣುತ್ತದೆ. ಆದರೆ ಆ ಫೋಲ್ಡರ್‌ಗಳು ವಿಂಡೋಸ್‌ನ ದೃಷ್ಟಿಯಲ್ಲಿ ತನ್ನ ಸ್ವಂತ ಡಿಸ್ಕಿನವಲ್ಲ, ಹೊರಗಿನಿಂದ ಹಂಚಿಕೊಂಡವು. ದೊಡ್ಡ ಪ್ರಾಜೆಕ್ಟ್ ಕಡತವನ್ನು ಅಲ್ಲಿಗೇ ನೇರವಾಗಿ ಉಳಿಸುತ್ತಾ ಹೋದರೆ ಉಳಿಸುವಿಕೆ ನಿಧಾನವಾಗುತ್ತದೆ. ಅದರ ಮೇಲೆ ಮ್ಯಾಕ್‌ನ ಡಾಕ್ಯುಮೆಂಟ್ಸ್ ಫೋಲ್ಡರ್ ಐಕ್ಲೌಡ್‌ಗೆ ಜೋಡಣೆಯಾಗಿದ್ದು, ಜಾಗ ಉಳಿಸುವ ಆಯ್ಕೆಯೂ ಚಾಲ್ತಿಯಲ್ಲಿದ್ದರೆ, ಬಹುದಿನ ಮುಟ್ಟದ ಹಳೆಯ ಕಡತಗಳ ಹೆಸರು ಮಾತ್ರ ಮ್ಯಾಕ್‌ನಲ್ಲಿ ಉಳಿದು ಒಳಗಿನ ವಿಷಯ ಆಪಲ್‌ನ ಸರ್ವರಿಗೆ ಹೋಗಿರುತ್ತದೆ. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ಒರಿಜಿನ್ ಅದನ್ನು ತೆರೆಯಲು ಹೋದರೆ ಕಡತವೇ ಕೆಟ್ಟಿದೆಯೆಂಬ ಗಾಬರಿ ಹುಟ್ಟುವುದು ಸಹಜ. ಆದ್ದರಿಂದ ನಾನು ಪಾಲಿಸುವ ಕ್ರಮ ಹೀಗಿದೆ: ಮೂಲ ದತ್ತಾಂಶ ಮ್ಯಾಕ್‌ನಲ್ಲಿ, ಐಕ್ಲೌಡ್‌ನಿಂದ ಹೊರಗಿರುವ ಒಂದು ಫೋಲ್ಡರಿನಲ್ಲಿ, ಯಾರೂ ತಿದ್ದದಂತೆ ಇರುತ್ತದೆ, ನಡೆಯುತ್ತಿರುವ ಒರಿಜಿನ್ ಪ್ರಾಜೆಕ್ಟ್ ವಿಂಡೋಸ್‌ನ ಸಿ ಡ್ರೈವಿನಲ್ಲೇ ಇರುತ್ತದೆ, ದಿನದ ಕೆಲಸ ಮುಗಿದಾಗ ಪ್ರಾಜೆಕ್ಟಿನ ಒಂದು ನಕಲು ಮ್ಯಾಕ್‌ಗೆ ಬರುತ್ತದೆ.

ಬ್ಯಾಕಪ್ಪಿಗೂ ಈ ಕ್ರಮವೇ ಅನುಕೂಲ. ವರ್ಚುವಲ್ ಯಂತ್ರವೆಂದರೆ ಮ್ಯಾಕ್‌ನ ಕಣ್ಣಿಗೆ ಹತ್ತಾರು ಜಿಬಿ ಗಾತ್ರದ ಕಟ್ಟು, ಪ್ರತಿದಿನ ಬದಲಾಗುವಂಥದ್ದು. ಮ್ಯಾಕ್‌ನ ಬ್ಯಾಕಪ್ ಸೌಲಭ್ಯವಾದ ಟೈಮ್ ಮಷೀನ್‌ಗೆ ಅದನ್ನೂ ಕಾಪಿಡಲು ಬಿಟ್ಟರೆ ಬಾಹ್ಯ ಡಿಸ್ಕ್ ಬೇಗನೆ ತುಂಬಿಹೋಗುತ್ತದೆ. ಅದನ್ನು ಟೈಮ್ ಮಷೀನ್‌ನಿಂದ ಹೊರಗಿಟ್ಟು, ಪ್ರಾಜೆಕ್ಟ್ ಕಡತಗಳ ಪ್ರತಿಗಳನ್ನು ಮಾತ್ರ ಕಾಪಾಡಿಕೊಂಡರೆ ವಿಂಡೋಸ್ ಪೂರ್ತಿ ಕೆಟ್ಟರೂ ಒಂದು ಮಧ್ಯಾಹ್ನದಲ್ಲಿ ಹೊಸದಾಗಿ ಕಟ್ಟಿಕೊಳ್ಳಬಹುದು.

ಚಿತ್ರಗಳನ್ನು ಹೊರತೆಗೆಯುವಾಗ ವಿಂಡೋಸ್ ಬಳಕೆದಾರರ ಒಂದು ಹಳೆಯ ಅಭ್ಯಾಸವನ್ನು ಬಿಡಲೇಬೇಕಾಗುತ್ತದೆ. ವಿಂಡೋಸ್‌ನಲ್ಲಿ ಗ್ರಾಫನ್ನು ಕಾಪಿ ಪೇಜ್ ಮಾಡಿ ವರ್ಡ್‌ನಲ್ಲಿ ಅಂಟಿಸಿದರೆ ಅದು ಜೀವಂತ ವಸ್ತುವಾಗಿ ಕೂರುತ್ತದೆ; ಅದರ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಒರಿಜಿನ್ ತೆರೆದುಕೊಂಡು ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಈ ಜೋಡಣೆ ವಿಂಡೋಸ್‌ನೊಳಗಿನ ಎರಡು ತಂತ್ರಾಂಶಗಳ ನಡುವಿನದು, ವರ್ಚುವಲ್ ಯಂತ್ರದ ಗಡಿ ದಾಟಿ ಮ್ಯಾಕ್‌ನ ವರ್ಡ್‌ಗೆ ಬರುವುದಿಲ್ಲ. ಗಡಿ ದಾಟಿ ಬರುವುದು ಬರಿಯ ಚಿತ್ರ. ಮೇಲಾಗಿ ವಿಂಡೋಸ್‌ನವರು ಇಷ್ಟಪಡುವ ಇಎಂಎಫ್ ಎಂಬ ಚಿತ್ರ ಕಡತದ ಮಾದರಿಯನ್ನು ಮ್ಯಾಕ್‌ನ ತಂತ್ರಾಂಶಗಳು ಸರಿಯಾಗಿ ತೋರಿಸುವುದಿಲ್ಲ. ಅಕ್ಷದ ಮೇಲಿನ ಗ್ರೀಕ್ ಅಕ್ಷರಗಳು, ಆಂಗ್‌ಸ್ಟ್ರಾಮ್ ಚಿಹ್ನೆ, ಘಾತಸಂಖ್ಯೆಗಳು ಸ್ಥಾನ ತಪ್ಪಬಹುದು. ಒರಿಜಿನ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಪಿಡಿಎಫ್ ಆರಿಸಿಕೊಂಡರೆ ಲೇಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದಲ್ಲಿ ಪ್ರಬಂಧ ಬರೆಯುವವರಿಗೆ ಚಿತ್ರ ನೇರವಾಗಿ ಸಿಗುತ್ತದೆ. ವರ್ಡ್ ಬಳಸುವವರು ಎಸ್‌ವಿಜಿ ಅಥವಾ 600 ಡಿಪಿಐ ಟಿಫ್ ಆರಿಸಿಕೊಳ್ಳಲಿ. ತಿದ್ದುಪಡಿ ಬಂದಾಗಲೆಲ್ಲ ಮೂಲ ಪ್ರಾಜೆಕ್ಟಿಗೆ ಹೋಗಿ ಮತ್ತೆ ಹೊರತೆಗೆಯಬೇಕು ಎಂಬ ಶಿಸ್ತು ಮೊದಮೊದಲು ಹೊರೆಯೆನಿಸಿದರೂ, ಯಾವ ಚಿತ್ರ ಯಾವ ದತ್ತಾಂಶದಿಂದ ಬಂದದ್ದು ಎಂಬ ಸ್ಪಷ್ಟತೆ ಅದರಿಂದ ಬರುತ್ತದೆ.

ಎಕ್ಸೆಲ್‌ನ ಕಥೆಯೂ ಇದೇ ಜಾತಿಯದು. ಒರಿಜಿನ್ ಎಕ್ಸೆಲ್ ಕಡತಗಳನ್ನು ತಾನೇ ಓದಿಕೊಳ್ಳುತ್ತದೆ, ಅದಕ್ಕೆ ಏನೂ ಬೇಕಾಗಿಲ್ಲ. ಎಕ್ಸೆಲ್ ವರ್ಕ್‌ಬುಕ್ಕನ್ನು ಒರಿಜಿನ್‌ನೊಳಗೇ ತೆರೆದು ಕೆಲಸ ಮಾಡುವವರಿಗೆ ಮಾತ್ರ ವಿಂಡೋಸ್‌ನಲ್ಲಿಯೇ ಎಕ್ಸೆಲ್ ಇರಬೇಕು. ಮ್ಯಾಕ್‌ನಲ್ಲಿರುವ ಎಕ್ಸೆಲ್ ಅದರ ಕಣ್ಣಿಗೆ ಬೀಳುವುದಿಲ್ಲ. ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆಯುವವರಿಗೆ 2021ರ ಆವೃತ್ತಿಯಿಂದ ಒರಿಜಿನ್‌ನೊಳಗೇ ಪೈಥಾನ್ ಸೇರಿಸಿಕೊಟ್ಟಿದ್ದಾರೆ, ಅದನ್ನೇ ಬಳಸಬೇಕು. ಹೊರಗಿನ ಪೈಥಾನ್‌ನಿಂದ ಒರಿಜಿನ್ ಅನ್ನು ನಡೆಸುವ ವಿಧಾನ ಒಂದು ತಂತ್ರಾಂಶ ಇನ್ನೊಂದನ್ನು ನಡೆಸಲೆಂದು ವಿಂಡೋಸ್‌ನಲ್ಲಿರುವ ಕಾಮ್ ವ್ಯವಸ್ಥೆಯನ್ನು ಆಧರಿಸಿದ್ದರಿಂದ ಮ್ಯಾಕ್‌ನ ಪೈಥಾನ್‌ಗೆ ಆ ದಾರಿಯಿಲ್ಲ.

ಈ ಇಡೀ ವ್ಯವಸ್ಥೆಯ ಗಟ್ಟಿಯಾದ ಗೋಡೆ ಇರುವುದು ಡ್ರೈವರ್‌ಗಳಲ್ಲಿ, ಅಂದರೆ ಉಪಕರಣವನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶಗಳಲ್ಲಿ. ವಿಂಡೋಸ್‌ನ ಎಮ್ಯುಲೇಟರ್ ಸಾಮಾನ್ಯ ತಂತ್ರಾಂಶಗಳನ್ನು ಮಾತ್ರ ಬದಲಿಸಿ ನಡೆಸುತ್ತದೆ. ವಿಂಡೋಸ್‌ನ ತಿರುಳಾದ ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುವ ಡ್ರೈವರ್‌ಗಳು ಆರ್ಮ್‌ಗಾಗಿಯೇ ತಯಾರಾಗಿರಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಒರಿಜಿನ್ ಪರವಾನಗಿಯನ್ನು ಕಂಪ್ಯೂಟರಿನ ಗುರುತಿಗೆ ಕಟ್ಟಿಕೊಂಡವರಿಗೂ ಸಂಸ್ಥೆಯ ಸರ್ವರಿನಿಂದ ಪಡೆಯುವವರಿಗೂ ಇದರಿಂದ ತೊಂದರೆಯಿಲ್ಲ. ಯುಎಸ್‌ಬಿ ಡಾಂಗಲ್ (ಪರವಾನಗಿಯ ಕೀಲಿಯಾಗಿ ಕಂಪ್ಯೂಟರಿಗೆ ಚುಚ್ಚುವ ಸಣ್ಣ ಸಾಧನ) ಮೇಲೆ ನಿಂತಿರುವ ಪರವಾನಗಿಯಾದರೆ ಆ ಡಾಂಗಲ್‌ಗೆ ಆರ್ಮ್ ಡ್ರೈವರ್ ಇದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ನಮ್ಮಲ್ಲಿ ಒಂದು ಉಪಕರಣದ ಜೊತೆ ಬಂದ ವಿಶ್ಲೇಷಣಾ ತಂತ್ರಾಂಶ ಇದೇ ಕಾರಣಕ್ಕೆ ಮ್ಯಾಕ್‌ನಲ್ಲಿ ಕದಲಲಿಲ್ಲ. ತಂತ್ರಾಂಶ ಅನುಸ್ಥಾಪನೆಯಾಯಿತು, ಕಿಟಕಿಯೂ ತೆರೆಯಿತು, ಡಾಂಗಲ್ ಸಿಗಲಿಲ್ಲವೆಂಬ ಒಂದೇ ಸಂದೇಶ ತೋರಿಸಿ ಮುಚ್ಚಿಕೊಂಡಿತು. ತಯಾರಕರಿಗೆ ಬರೆದಾಗ ಆರ್ಮ್‌ಗೆ ಬೆಂಬಲವಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಲಕ್ಷಾಂತರ ರೂಪಾಯಿಯ ಉಪಕರಣ ಮಾರಿದವರು ತಮ್ಮ ಗ್ರಾಹಕ ತನ್ನದೇ ದತ್ತಾಂಶವನ್ನು ಓದಲು ಯಾವ ಕಂಪ್ಯೂಟರ್ ಕೊಳ್ಳಬೇಕೆಂದು ನಿರ್ಧರಿಸುವುದು ನ್ಯಾಯವಲ್ಲ. ಖರೀದಿ ಸಮಿತಿಗಳು ಟೆಂಡರಿನಲ್ಲಿಯೇ ದತ್ತಾಂಶವು ಸಾಮಾನ್ಯ ಪಠ್ಯ ಕಡತವಾಗಿ ಹೊರಬರಬೇಕೆಂಬ ಷರತ್ತು ಹಾಕಬೇಕು. ಆ ಷರತ್ತು ಇದ್ದ ಉಪಕರಣಗಳ ದತ್ತಾಂಶವೆಲ್ಲ ಒರಿಜಿನ್‌ಗೆ ಯಾವ ಜಗಳವೂ ಇಲ್ಲದೆ ಬಂದಿದೆ.

ಕನ್ನಡದಲ್ಲಿ ವಿಜ್ಞಾನ ಲೇಖನ ಬರೆಯುವವರಿಗಾಗಿ ಒಂದು ಮಾತು. 2018ರ ಆವೃತ್ತಿಯಿಂದ ಒರಿಜಿನ್ ಎಲ್ಲ ಲಿಪಿಗಳಿಗೂ ಜಾಗವಿರುವ ಯುನಿಕೋಡ್‌ಗೆ ಬದಲಾಗಿದೆ, ಆದ್ದರಿಂದ ಅಕ್ಷದ ಹೆಸರನ್ನು ‘ತಾಪಮಾನ’ ಎಂದೋ ‘ತೀವ್ರತೆ’ ಎಂದೋ ಕನ್ನಡದಲ್ಲೇ ಕೊಡಲು ಪ್ರಯತ್ನಿಸಬಹುದು. ಆದರೆ ಮ್ಯಾಕ್‌ನಲ್ಲಿ ಹೊಂದಿಸಿಕೊಂಡ ಕನ್ನಡ ಕೀಲಿಮಣೆ ವಿಂಡೋಸ್‌ನೊಳಗೆ ಬರುವುದಿಲ್ಲ. ಅಲ್ಲಿಯೂ ಭಾಷೆಯ ಪಟ್ಟಿಯಲ್ಲಿ ಕನ್ನಡವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಫಾಂಟ್‌ಗಳೂ ಬೇರೆಯೇ: ಮ್ಯಾಕ್‌ನ ಕನ್ನಡ ಸಂಗಮ್ ಅಲ್ಲಿರುವುದಿಲ್ಲ, ನಿರ್ಮಲಾ ಯುಐ ಮೊದಲೇ ಇರುತ್ತದೆ, ತುಂಗಾ ಬೇಕಿದ್ದರೆ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಹಾಕಿಕೊಳ್ಳಬೇಕು. ಹೊರತೆಗೆದ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ದೊಡ್ಡದಾಗಿಸಿ ನೋಡದೆ ಪತ್ರಿಕೆಗೆ ಕಳಿಸಬಾರದು.

ಟ್ರ್ಯಾಕ್‌ಪ್ಯಾಡಿನಲ್ಲಿ ಒರಿಜಿನ್ ಬಳಸುವುದು ಕಷ್ಟ. ಬೇಸ್‌ಲೈನಿನ ಆಧಾರ ಬಿಂದುಗಳನ್ನು ಒಂದೊಂದಾಗಿ ಎಳೆದು ಕೂರಿಸುವಾಗ ಇದು ಚೆನ್ನಾಗಿ ಅರಿವಾಗುತ್ತದೆ. ಒಂದು ಸಾಧಾರಣ ಮೌಸ್ ಇಟ್ಟುಕೊಳ್ಳಿ.

ಪ್ಯಾರಲಲ್ಸ್‌ಗೆ ಬದಲಿಗಳಿವೆ. ವಿಎಂವೇರ್ ಫ್ಯೂಷನ್ ಪ್ರೊ 2024ರ ಮೇ ತಿಂಗಳಲ್ಲಿ ವೈಯಕ್ತಿಕ ಬಳಕೆಗೆ, ಅದೇ ವರ್ಷದ ನವೆಂಬರಿನಿಂದ ಎಲ್ಲ ಬಗೆಯ ಬಳಕೆಗೂ ಉಚಿತವಾಯಿತು. ವಿದ್ಯಾರ್ಥಿವೇತನದಲ್ಲಿ ಬದುಕುವವರು ಮೊದಲು ಇದನ್ನೇ ಪ್ರಯತ್ನಿಸಬೇಕು. ವಿಎಂವೇರ್‌ನ ಒಡೆತನವಿರುವ ಬ್ರಾಡ್‌ಕಾಮ್‌ನ ತಾಣದಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳುವ ಕೆಲಸ ಸ್ವಲ್ಪ ಸುತ್ತುಬಳಸಿನದು, ಮ್ಯಾಕ್ ಮತ್ತು ವಿಂಡೋಸ್‌ಗಳ ನಡುವಿನ ಹೊಂದಾಣಿಕೆ ಪ್ಯಾರಲಲ್ಸ್‌ನಷ್ಟು ನಯವಾಗಿಲ್ಲ, ಆದರೆ ಒಳಗೆ ನಡೆಯುವುದು ಅದೇ ಆರ್ಮ್ ವಿಂಡೋಸ್, ಅದೇ ಎಮ್ಯುಲೇಟರ್. ಆದ್ದರಿಂದ ನಿಖರತೆ, ಡ್ರೈವರ್‌ಗಳ ಬಗ್ಗೆ ಮೇಲೆ ಹೇಳಿದ್ದೆಲ್ಲ ಇದಕ್ಕೂ ಅನ್ವಯಿಸುತ್ತದೆ. ಕ್ಯೂಎಮು ಎಂಬ ಮುಕ್ತ ಎಮ್ಯುಲೇಟರ್ ಆಧಾರಿತ ಯುಟಿಎಂ ಮುಕ್ತ ತಂತ್ರಾಂಶ, ಉಚಿತ. ವಿಂಡೋಸ್‌ಗೆ ಅದರಲ್ಲಿ ಗ್ರಾಫಿಕ್ಸ್ ವೇಗವರ್ಧನೆ ಇಲ್ಲದಿರುವುದರಿಂದ ಮೂರು ಆಯಾಮದ ಮೇಲ್ಮೈ ಚಿತ್ರಗಳನ್ನು ತಿರುಗಿಸಿ ನೋಡುವವರಿಗೆ ಸರಿಹೋಗದು, ಎರಡು ಆಯಾಮದ ಗ್ರಾಫ್‌ಗಳಿಗೆ ನಡೆದೀತು.

ಎರಡನೆಯ ದಾರಿಯಾದ ಕ್ರಾಸ್‌ಓವರ್‌ನ ಸ್ವರೂಪವೇ ಬೇರೆ. ಕೋಡ್‌ವೀವರ್ಸ್ ಸಂಸ್ಥೆಯ ಈ ತಂತ್ರಾಂಶ 1993ರಲ್ಲಿ ಆರಂಭವಾದ ವೈನ್ ಯೋಜನೆಯ ಮೇಲೆ ನಿಂತಿದೆ. ಇಲ್ಲಿ ವಿಂಡೋಸ್ ಇರುವುದೇ ಇಲ್ಲ. ಒರಿಜಿನ್ ವಿಂಡೋಸ್‌ಗೆ ಕೇಳುವ ಪ್ರತಿಯೊಂದು ಸೇವೆಯನ್ನೂ ವೈನ್ ತಾನೇ ಮ್ಯಾಕ್‌ನ ಸೇವೆಯಾಗಿ ಪೂರೈಸುತ್ತದೆ. ವಿಂಡೋಸ್ ಪರವಾನಗಿಯ ಖರ್ಚಿಲ್ಲ, ಮೆಮೊರಿಯೂ ಬಹಳ ಉಳಿಯುತ್ತದೆ. 8 ಜಿಬಿಯ ಮ್ಯಾಕ್‌ನಲ್ಲೇ ಒರಿಜಿನ್ ನಡೆಸಬೇಕೆನ್ನುವವರಿಗೆ ಇದೊಂದೇ ಆಶೆ. ಆದರೆ ಒರಿಜಿನ್‌ನಂಥ ತಂತ್ರಾಂಶ ವಿಂಡೋಸ್‌ನ ಆಳದ ಅನೇಕ ಭಾಗಗಳನ್ನು ನೆಚ್ಚಿಕೊಂಡಿರುವುದರಿಂದ, ಒಂದು ಆವೃತ್ತಿಯಲ್ಲಿ ಸರಿಯಿದ್ದದ್ದು ಮುಂದಿನದರಲ್ಲಿ ಹಾಗೆಯೇ ಇರುತ್ತದೆಂಬ ಭರವಸೆ ಇಟ್ಟುಕೊಳ್ಳಲಾಗದು. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಆಪಲ್ ಚಿಪ್‌ಗಳಲ್ಲಿ ಕ್ರಾಸ್‌ಓವರ್ ಈವರೆಗೆ ಇಂಟೆಲ್ ಆದೇಶಗಳನ್ನು ನಡೆಸಲು ಆಪಲ್‌ನ ಅನುವಾದಕ ತಂತ್ರಾಂಶವಾದ ರೊಸೆಟ್ಟಾ 2 ಅನ್ನು ಅವಲಂಬಿಸಿದೆ. ಮ್ಯಾಕ್‌ಒಎಸ್ 27ರವರೆಗೆ ಮಾತ್ರ ರೊಸೆಟ್ಟಾವನ್ನು ಪೂರ್ಣ ರೂಪದಲ್ಲಿ ಉಳಿಸಿಕೊಳ್ಳುವುದಾಗಿ ಆಪಲ್ 2025ರ ಜೂನ್‌ನಲ್ಲಿ ಪ್ರಕಟಿಸಿದೆ. ಪಿಎಚ್‌ಡಿಯ ಮೊದಲ ವರ್ಷದಲ್ಲಿರುವವರಿಗೆ ಇದು ಗಂಭೀರವಾದ ವಿಷಯ. ಪ್ಯಾರಲಲ್ಸ್‌ನ ದಾರಿಯಲ್ಲಿ ಅನುವಾದದ ಕೆಲಸ ವಿಂಡೋಸ್‌ನೊಳಗೆ ನಡೆಯುವುದರಿಂದ ಆಪಲ್‌ನ ಈ ನಿರ್ಧಾರ ಒರಿಜಿನ್ ಅನ್ನು ಮುಟ್ಟುವುದಿಲ್ಲ. ನಾನು ಪ್ಯಾರಲಲ್ಸ್ ಕಡೆಗೆ ವಾಲುವುದಕ್ಕೆ ಇದೇ ಮುಖ್ಯ ಕಾರಣ.

ಖರ್ಚು ಮಾತ್ರ ಹಗುರವಲ್ಲ. ಪ್ಯಾರಲಲ್ಸ್‌ಗೆ ವರ್ಷಕ್ಕೆ ಸುಮಾರು 100 ಡಾಲರ್, ಅದರ ಮೇಲೆ ವಿಂಡೋಸ್ 11 ಪ್ರೊ ಪರವಾನಗಿ, ಅದರ ಮೇಲೆ ಒರಿಜಿನ್. 14 ದಿನ ಉಚಿತವಾಗಿ ನೋಡಲು ಪ್ಯಾರಲಲ್ಸ್ ಅವಕಾಶ ಕೊಡುತ್ತದೆ. ಆ ಅವಧಿಯಲ್ಲಿ ನಿಮ್ಮದೇ ದೊಡ್ಡ ಪ್ರಾಜೆಕ್ಟನ್ನು, ನಿಮ್ಮದೇ ಉಪಕರಣದ ಕಡತಗಳನ್ನು ಹಾಕಿ ನೋಡದೆ ಹಣ ಕೊಡಬೇಡಿ. ನಮ್ಮ ಅನೇಕ ವಿಭಾಗಗಳಲ್ಲಿ ಒರಿಜಿನ್‌ನ ಕದ್ದ ಪ್ರತಿಗಳು ಒಬ್ಬರಿಂದೊಬ್ಬರಿಗೆ ದಾಟುತ್ತಿರುವುದು ಗುಟ್ಟೇನಲ್ಲ. ಆ ಪ್ರತಿಗಳಿಗಾಗಿ ವರ್ಚುವಲ್ ಯಂತ್ರದ ರಕ್ಷಣೆಯನ್ನು ಬಂದ್ ಮಾಡಿ, ಅದೇ ಯಂತ್ರಕ್ಕೆ ಮ್ಯಾಕ್‌ನ ಫೋಲ್ಡರ್‌ಗಳನ್ನು ತೆರೆದಿಟ್ಟರೆ ವರ್ಷಗಳ ದತ್ತಾಂಶವನ್ನು ಅಪಾಯಕ್ಕೆ ಒಡ್ಡಿದಂತೆ. ಹಣವಿಲ್ಲದಿದ್ದರೆ ಮ್ಯಾಕ್‌ನಲ್ಲೇ ನಡೆಯುವ ಕೆಡಿಇ ಸಮುದಾಯದ ಲ್ಯಾಬ್‌ಪ್ಲಾಟ್ ಇದೆ. ಅದು ಉಚಿತ, ಮುಕ್ತ, ಒರಿಜಿನ್‌ನ ಹಳೆಯ ಓಪಿಜೆ ಮಾದರಿಯ ಕಡತಗಳನ್ನು ಓದುವ ಸೌಲಭ್ಯವೂ ಅದರಲ್ಲಿದೆ. ಗ್ರಾಫ್ ಬರೆದು ಸರಳ ಹೊಂದಿಕೆ ಮಾಡುವಷ್ಟೇ ಕೆಲಸವಿರುವವರಿಗೆ ಇಷ್ಟೆಲ್ಲ ವ್ಯವಸ್ಥೆಯ ಅಗತ್ಯವೇ ಬೀಳುವುದಿಲ್ಲ. ಮಾರ್ಗದರ್ಶಕರೂ ಸಹಪಾಠಿಗಳೂ ಪ್ರತಿದಿನ ಒರಿಜಿನ್ ಪ್ರಾಜೆಕ್ಟ್‌ಗಳನ್ನೇ ಕಳಿಸಿಕೊಳ್ಳುವ ಪ್ರಯೋಗಾಲಯದಲ್ಲಿರುವವರಿಗೆ, 16 ಜಿಬಿಯ ಮ್ಯಾಕ್ ಇದ್ದರೆ, ಪ್ಯಾರಲಲ್ಸ್ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡುತ್ತದೆ.

ಕಂಪ್ಯೂಟರಿಗೆ ಕಟ್ಟಿದ ಒರಿಜಿನ್ ಪರವಾನಗಿ ಇರುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ವರ್ಚುವಲ್ ಯಂತ್ರವೂ ಒರಿಜಿನ್‌ನ ಲೆಕ್ಕದಲ್ಲಿ ಒಂದು ಪ್ರತ್ಯೇಕ ಕಂಪ್ಯೂಟರ್. ಅದನ್ನು ಹೊಸ ಮ್ಯಾಕ್‌ಗೆ ಸಾಗಿಸಿದರೆ ಅಥವಾ ಇನ್ನೊಂದು ಪ್ರತಿ ಮಾಡಿಕೊಂಡರೆ ಗುರುತು ಬದಲಾಗಿ ಪರವಾನಗಿ ಮತ್ತೆ ಕೇಳಬಹುದು. ಆದ್ದರಿಂದ ವರ್ಚುವಲ್ ಯಂತ್ರವನ್ನು ಅಳಿಸುವ ಮೊದಲು, ಅಥವಾ ಮ್ಯಾಕ್ ಅನ್ನು ಮಾರುವ ಮೊದಲು, ಒರಿಜಿನ್ ತೆರೆದು ಅದರ ಹೆಲ್ಪ್ ಮೆನುವಿನಿಂದಲೇ ಪರವಾನಗಿಯನ್ನು ನಿಷ್ಕ್ರಿಯಗೊಳಿಸಿ ಹಿಂದಕ್ಕೆ ಪಡೆಯಿರಿ. ವರ್ಚುವಲ್ ಯಂತ್ರದ ಕಡತವನ್ನು ಕಸದ ಬುಟ್ಟಿಗೆ ಹಾಕಿದ ಮೇಲೆ ಆ ಕೆಲಸಕ್ಕೆ ಕಂಪನಿಯ ಸಹಾಯ ವಿಭಾಗಕ್ಕೆ ಬರೆಯಬೇಕಾಗುತ್ತದೆ.